ಅದಲು-ಬದಲು

ಋತುವಿಗೆ ತಕ್ಕಂತೆ ಮನೆ ಬದಲಿಸುವುದನ್ನು ನಮ್ಮ ದೇಶದಲ್ಲಿ ದೇವರಿಂದಲೇ ಕಲಿಯಬೇಕು. ದೀಪಾವಳಿ ಕಳೆದು ಯಮದ್ವಿತೀಯೆ ಬಂತೆಂದರೆ ಕೇದಾರನಾಥ ಗುಡಿಗೆ ಬೀಗ ಹಾಕಿಸಿ, ಪಲ್ಲಕ್ಕಿ ಏರಿ, ಊಖೀಮಠಕ್ಕೆ ಇಳಿದುಬಿಡುತ್ತಾನೆ. ಮತ್ತೆ ಯಾವಾಗ ಹೊರಡುವುದು ಎಂಬುದು ಶಿವರಾತ್ರಿಯ ದಿನ ಅಲ್ಲೇ ಗೊತ್ತಾಗುತ್ತದೆ. ಅಲ್ಲಿಯ ಧರ್ಮಗುರುಗಳಾದ ರಾವಲರು ನಮ್ಮ ಕಡೆಯ ವೀರಶೈವ ಪರಂಪರೆಯವರು; ಕನ್ನಡಿಗರಿಗೂ ಈ ಏರ್ಪಾಟಿನ ರುಚಿ ಹಳೆಯದೇ ಅನ್ನಿ. ಗಂಗೋತ್ರಿಯ ಗಂಗಮ್ಮನೂ ಚಳಿಗಾಲಕ್ಕೆ ಮುಖಬಾ ಹಳ್ಳಿ ಸೇರುತ್ತಾಳೆ. ಬ್ರಿಟಿಷರೂ 1864ರಿಂದ ಬೇಸಿಗೆ ಬಂದರೆ ಕಡತಗಳನ್ನೆಲ್ಲ ಹೊರಿಸಿಕೊಂಡು ಶಿಮ್ಲಾ ಹತ್ತುತ್ತಿದ್ದರು.

ಇವರಿಗೆಲ್ಲ ಎರಡೆರಡು ಮನೆ. ನಮ್ಮಂಥವರಿಗೆ ಇರುವುದೊಂದು, ಅದೂ ಬ್ಯಾಂಕಿನವರ ದಯೆಯಿಂದ. ಎರಡನೆಯದು ಬೇಕೆಂದರೆ ಇನ್ನೊಬ್ಬರದಕ್ಕೇ ಕೈಹಾಕಬೇಕು: ಅವರ ಮನೆಯಲ್ಲಿ ನಾವು, ನಮ್ಮ ಮನೆಯಲ್ಲಿ ಅವರು, ಬಾಡಿಗೆ ಯಾರಿಗೂ ಇಲ್ಲ. ಯುರೋಪಿನ ಮೇಷ್ಟ್ರುಗಳು 1953ರಲ್ಲೇ ಇಂಟರ್‌ವ್ಯಾಕ್ ಎಂಬ ಕೂಟ ಕಟ್ಟಿಕೊಂಡು ಇದನ್ನು ಶುರುಮಾಡಿದರು. ಮೇಷ್ಟ್ರುಗಳಿಗೇ ಇದು ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ರಜೆ ಉದ್ದ, ಸಂಬಳ ಗಿಡ್ಡ.

ನಾನೂ ಕಾಗದ, ಪೆನ್ಸಿಲು, ಭಾರತದ ಭೂಪಟ ಹರಡಿಕೊಂಡು ಕೂತೆ. ನಮ್ಮದು ಮೈಸೂರು, ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ. ಮೇ ತಿಂಗಳಲ್ಲಿ ದಿಲ್ಲಿ 40 ಡಿಗ್ರಿ ದಾಟಿ ಕುದಿಯುವಾಗ ಅಲ್ಲಿಯವರಿಗೆ ನಮ್ಮ ಮನೆ ಸ್ವರ್ಗ. ಬರಲಿ, ಸಂತೋಷ. ಆದರೆ ಅದೇ ಮೇನಲ್ಲಿ ದಿಲ್ಲಿಗೆ ಹೋಗಿ ಬೇಯಬೇಕಾದವರು ಯಾರು? ನಾವು. ಚೆನ್ನೈಯವರೂ ಹಾಗೇ. ಅಗ್ನಿ ನಕ್ಷತ್ರದ ಬಿರುಬಿಸಿಲಿನ ದಿನಗಳಲ್ಲಿ ಬೀಗದ ಕೈಯನ್ನು ನಗುನಗುತ್ತಾ ಕೊಡುತ್ತಾರೆ. ಡಿಸೆಂಬರಿನಲ್ಲಿ ಸಂಗೀತದ ಸೀಸನ್ ಬಂದಾಗ ಕೇಳಿ ನೋಡಿ, ಸಭಾದ ಮೊದಲ ಸಾಲಿನ ಕುರ್ಚಿಯಿಂದ ಒಬ್ಬರೂ ಏಳುವುದಿಲ್ಲ. ಮನೆ ಖಾಲಿಯಿರುವುದು ಯಾರಿಗೂ ಬೇಡವಾದ ಕಾಲದಲ್ಲಿ ಎಂಬುದು ಈ ವ್ಯವಹಾರದ ಮೂಲ ಕಷ್ಟ.

ಆದ್ದರಿಂದ ನಿಮ್ಮ ಕೆಟ್ಟ ಕಾಲ ಯಾರಿಗೆ ಹಬ್ಬವೆಂದು ಹುಡುಕಬೇಕು. ಆಗುಂಬೆಯ ಕಡೆ ನಮ್ಮ ನೆಂಟರೊಬ್ಬರಿದ್ದಾರೆ. ಜೋಧಪುರದಲ್ಲಿ ವರ್ಷವಿಡೀ ಬೀಳುವ ಮಳೆ ಅವರಲ್ಲಿ ಜುಲೈ ತಿಂಗಳ ಕೆಲವೇ ದಿನಗಳ ಬಾಬತ್ತು. ಜೋಧಪುರದವರು ಜಗಲಿಯಲ್ಲಿ ಕೂತು ಸೂರಂಚಿನ ನೀರನ್ನು ನೋಡುತ್ತ ಊಟ ಮರೆಯಬಹುದು. ನಮ್ಮ ನೆಂಟರಿಗೆ ಅಲ್ಲಿಯ ಕೋಟೆ, ಅರಮನೆ ಯಾವುದೂ ಬೇಡ; ಹಗ್ಗದ ಮೇಲೆ ಹಾಕಿದ ಬಟ್ಟೆ ಅದೇ ದಿನ ಒಣಗುತ್ತದೆಯಂತೆ ಎಂದು ಕೇಳಿಯೇ ಅವರ ಕಣ್ಣು ತೇವವಾಯಿತು.

ಹವಾಮಾನ ಒಪ್ಪಿದರೂ ಶಾಲೆಗಳು ಒಪ್ಪಬೇಕಲ್ಲ! ನಮ್ಮ ಮಕ್ಕಳಿಗೆ ರಜೆ ಏಪ್ರಿಲ್-ಮೇ. ದಿಲ್ಲಿಯಲ್ಲಿ ಮೇ ನಡುವಿನಿಂದ ಜೂನ್ ಕೊನೆಯವರೆಗೆ. ಕಾಶ್ಮೀರದಲ್ಲಿ ದೊಡ್ಡ ರಜೆ ಚಳಿಗಾಲಕ್ಕೆ. ಇದೆಲ್ಲ ಹೊಂದಿತು ಅನ್ನುವಷ್ಟರಲ್ಲಿ ರೈಲು. 2024ರ ನವೆಂಬರಿನಿಂದ ಮುಂಗಡ ಟಿಕೆಟ್ಟು 60 ದಿನ ಮೊದಲು ಮಾತ್ರ. ಬೆಳಿಗ್ಗೆ ಎಂಟಕ್ಕೆ ತೆರೆದರೆ ಕಾಫಿ ಆರುವುದರೊಳಗೆ ವೇಟಿಂಗ್ ಲಿಸ್ಟು. ಮಳೆಗಾಲದಲ್ಲಿ ಕೊಂಕಣ ರೈಲಿಗೆ ಬೇರೆಯೇ ವೇಳಾಪಟ್ಟಿ, ಬೇರೆಯೇ ನಿಧಾನ. ಮೂರು ರಾಜ್ಯಗಳ ಪಂಚಾಂಗ ತಿಳಿದ ಜೋಯಿಸರೊಬ್ಬರು ಸಿಕ್ಕರೆ ಒಳ್ಳೆಯದು.

ಭೂಪಟದ ಮೇಲಿನ ಜಗಳವೆಲ್ಲ ಬಗೆಹರಿದ ಮೇಲೆ ಹೆಂಡತಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ದೇವರ ಮನೆ?"

ಅಡುಗೆಮನೆಯ ವಿಷಯಕ್ಕೆ ಅವಳೇ ಆಮೇಲೆ ಬಂದಳು. ಆ ಜನ ಇಡ್ಲಿ ಪಾತ್ರೆಯಲ್ಲಿ ಏನು ಬೇಯಿಸುತ್ತಾರೋ! ತುಳಸಿಗೆ ನೀರು ಹಾಕುವವರು ಯಾರು? ಸಂಪ್‌ಗೆ ನೀರು ಬರುವುದು ದಿನ ಬಿಟ್ಟು ದಿನ. ಮೋಟಾರು ಹಾಕಿ ಮರೆತರೆ ಬೀದಿಯೆಲ್ಲ ನಮ್ಮದೇ. ಇವೆಲ್ಲವನ್ನೂ ಬರೆದು ಗೋಡೆಗೆ ಅಂಟಿಸೋಣ ಎಂದು ಕೂತೆ. ಸ್ನಾನದ ಮನೆಯ ನಲ್ಲಿಯನ್ನು ಎಡಕ್ಕೆ ಸ್ವಲ್ಪ ಎತ್ತಿ ತಿರುಗಿಸಿ, ಹಿತ್ತಿಲ ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಚಿಲಕ ಹಾಕಿ... ಬರೆಯುತ್ತ ಹೋದಂತೆ, ಇಷ್ಟು ವರ್ಷ ನಾವು ರಿಪೇರಿಗೆ ಬದಲಾಗಿ ಅಭ್ಯಾಸ ಮಾಡಿಕೊಂಡೇ ಬದುಕಿದ್ದೇವೆ ಎಂಬುದು ಹಾಳೆಯ ತುಂಬ ಕಂಡಿತು. ಎದುರು ಮನೆಯ ಅಜ್ಜಿಯ ಬಗ್ಗೆ ಬೇರೆ ಪುಟವೇ ಬೇಕು. ಬಂದವರ ಊರು, ಸಂಬಳ, ಮಕ್ಕಳ ಮಾರ್ಕ್ಸು, ಎಲ್ಲವನ್ನೂ ಹಿಂದಿ ಬಾರದೆಯೇ ಅವರು ಸಂಜೆಯೊಳಗೆ ತಿಳಿದುಕೊಂಡಿರುತ್ತಾರೆ.

ಅದೂ ಹೋಗಲಿ, ನಮ್ಮ ಮನೆಗೆ ನಿಜವಾದ ಬೆಲೆ ಬರುವುದು ದಸರೆಯಲ್ಲಿ. ಆ ಹತ್ತು ದಿನಕ್ಕೆ ಶಿಮ್ಲಾದವರು ಎರಡು ತಿಂಗಳು ಕೊಟ್ಟರೂ ಕೊಟ್ಟಾರು. ಆದರೆ ಆಗ ಅತ್ತಿಗೆ, ಚಿಕ್ಕಪ್ಪ, ಅವರ ಷಡ್ಡಕ, ಷಡ್ಡಕನ ಆಫೀಸಿನವರು ಎಲ್ಲ ನಮ್ಮಲ್ಲೇ. ಅವರ ಮನೆಗಳಿಗೆ ನಾವು ಯಾವಾಗ ಹೋಗಬೇಕೆಂಬ ಮಾತು ಇನ್ನೂ ಬಂದಿಲ್ಲ.

ಡೆಹ್ರಾಡೂನಿನ ಕಡೆ ಮನೆಯಿದ್ದು, ಮೇ ತಿಂಗಳಲ್ಲಿ ಮೈಸೂರಿಗೆ ಬರುವ ಮನಸ್ಸಿರುವ ಓದುಗರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ದೇವರ ಮನೆಗೆ ಬೀಗ ಇರುತ್ತದೆ. ಉಳಿದದ್ದೆಲ್ಲ ನಿಮ್ಮದೇ, ಹಿತ್ತಿಲ ಬಾಗಿಲನ್ನು ಮಾತ್ರ ಮೊಣಕಾಲಿನಿಂದ ಒತ್ತಿ.