ವೆಟ್‌ವೆಲ್ ಪ್ರಮಾಣ ಮೀಮಾಂಸೆ

ವಿಷಯ: ಚಾಮರಾಜನಗರ ಹಾಗೂ ಗುಂಡ್ಲುಪೇಟೆಯ ಒಳಚರಂಡಿ ವೆಟ್‌ವೆಲ್‌ಗಳ (ಕೊಳಚೆ ಎತ್ತುವ ಪಂಪಿನ ಬಾವಿಗಳ) ಮುಪ್ಪಾದ ಪ್ಯಾನೆಲ್ಲು, ಸ್ಟಾರ್ಟರು, ಕೇಬಲ್ಲುಗಳು. ಸಂಶಯ: ಬದಲಿಸಬೇಕೆ, ಇನ್ನೊಂದು ಮಳೆಗಾಲ ತಳ್ಳಬಹುದೆ?

ಪೂರ್ವಸೂರಿಗಳು ಇದನ್ನು ಚರ್ಚಿಸಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೊರಟ ವಿದ್ಯುತ್ತನ್ನು ಹಾಡಿ ಹೊಗಳಿದವರುಂಟು. ಕಾವೇರಿಯ ಈಚೆ ದಡದ ಜಿಲ್ಲೆಯಲ್ಲಿ, ತಗ್ಗಿಗಿಳಿದ ಊರಿನ ಕೊಳಚೆಯನ್ನು ಶುದ್ಧೀಕರಣ ಘಟಕದತ್ತ ಎತ್ತಿ ಕಳಿಸುವ ವಿದ್ಯುತ್ತಿನ ಬಗ್ಗೆ ಮಾತ್ರ ಅಲಂಕಾರಶಾಸ್ತ್ರ ಮೌನ. ಬೀಭತ್ಸಕ್ಕೆ ನವರಸಗಳಲ್ಲಿ ಸ್ಥಾನವಿದೆ, ಜುಗುಪ್ಸೆಯೆಂಬ ಸ್ಥಾಯಿಭಾವವೂ ಇದೆ, ಅನುದಾನವಷ್ಟೇ ಇಲ್ಲ.

ಪೂರ್ವಪಕ್ಷದವರ ವಾದ ಸರಳ: ಓಡುತ್ತಿದೆ, ಆದ್ದರಿಂದ ಚೆನ್ನಾಗಿದೆ. ಇದನ್ನು ಪ್ರಮಾಣಗಳಿಂದ ಪರೀಕ್ಷಿಸೋಣ.

ಮೊದಲು ಅನುಮಾನ. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ತಿಳಿ ಎಂಬುದು ತರ್ಕಶಾಸ್ತ್ರದ ಬಾಲಪಾಠ. ಇದನ್ನು ಬರೆದವರು ಗುಂಡ್ಲುಪೇಟೆ ಕಡೆ ಬಂದಿರಲಾರರು. ಇಲ್ಲಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಬೆಳಗಿನ ಹೊತ್ತು ಬೆಳ್ಳಗೆ ಮುಸುಕು ಹೊದ್ದು ನಿಂತಿರುತ್ತದೆ; ಬೆಂಕಿಯ ಸುಳಿವೇ ಇಲ್ಲ, ಬರೀ ಮಂಜು. ಆದಕಾರಣ ಈ ಸೀಮೆಯವರು ಹೊಗೆಯಂಥದ್ದು ಕಂಡೊಡನೆ ಗಾಬರಿಯಾಗುವವರಲ್ಲ. ಈ ಸ್ಥಳಪುರಾಣ ಪ್ಯಾನೆಲ್ ಬೋರ್ಡಿಗೂ ಅನ್ವಯವೆ? ಅಲ್ಲ. ಗಾಳಿಯಾಡದ ಕೊಳಚೆ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅದು ಬಸ್‌ಬಾರಿನ ತಾಮ್ರವನ್ನೂ ಕಾಂಟ್ಯಾಕ್ಟರಿನ ಬೆಳ್ಳಿಯನ್ನೂ ಕಪ್ಪಾಗಿಸುತ್ತದೆ. ಕಪ್ಪಿನಿಂದ ಕರೆಂಟಿಗೆ ತಡೆ, ತಡೆಯಿಂದ ಬಿಸಿ, ಬಿಸಿಯಿಂದ ಸಡಿಲ, ಸಡಿಲದಿಂದ ಕಿಡಿ. ಇಲ್ಲಿನ ಹೊಗೆ ಮಂಜಲ್ಲ.

ಪ್ರತ್ಯಕ್ಷವನ್ನು ನಂಬೋಣವೆಂದರೆ ಅದೂ ಕೈಕೊಡುತ್ತದೆ. ಈ ಅನಿಲ ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ, ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕಸಿಯುತ್ತದೆ. 'ಈಗ ವಾಸನೆಯೇ ಇಲ್ಲ' ಎಂದವನು ಮೊದಲು ಹೊರಗೆ ಓಡಬೇಕು.

ಇನ್ನು ಅರ್ಥಾಪತ್ತಿ. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಮುದಿ ಪಂಪು ಎತ್ತುವುದು ಕಡಿಮೆ, ಸೆಸ್ಕ್ ಕರೆಂಟು ಬಿಲ್ಲು ದಪ್ಪ. ಆದ್ದರಿಂದ ಪಂಪು ರಾತ್ರಿ ಕದ್ದು ಓಡುತ್ತದೆಯೆ? ಪಾಪ, ಇಲ್ಲ. ಕೆಪಾಸಿಟರ್ ಸತ್ತು ಪವರ್ ಫ್ಯಾಕ್ಟರ್ ಕುಸಿದರೆ ದಂಡ ಬೀಳುತ್ತದೆ. ಇಂಪೆಲ್ಲರಿಗೆ ಊರಿನವರ ಹರಕು ಬಟ್ಟೆಯೆಲ್ಲ ಸುತ್ತಿಕೊಂಡಿರುತ್ತದೆ. ದೇವದತ್ತ ಉಂಡದ್ದಲ್ಲ, ಬಾತುಕೊಂಡದ್ದು.

ಆಪ್ತವಾಕ್ಯವೆಂದರೆ ಆಪರೇಟರನ ಮಾತು: "ಬುಡಿ ಸಾ, ಇದು ಇವತ್ತೋ ನಾಳ್ಯೋ ಹೊಯ್ತದ." ಇದಕ್ಕೆ ಭಾಷ್ಯ ಬೇಕಿಲ್ಲ. ಕಡತದಲ್ಲಿ ಸ್ಥಾನವೂ ಇಲ್ಲ.

ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆಂಬ ಪ್ರತೀತಿಯಿಂದ ಇಲ್ಲಿನ ಮೋಟಾರುಗಳ ಟ್ರಿಪ್ಪಿಂಗನ್ನೂ ವಿವರಿಸಬಹುದಲ್ಲ ಎಂದೊಂದು ಉಪವಾದ ಹೊಳೆದೀತು. 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯನವರು ಹಲವು ಸಲ ಬಂದುಹೋಗಿಯೂ ಐದು ವರ್ಷ ಪೂರೈಸಿದ್ದರಿಂದ ಆ ವಾದ ಬಿದ್ದುಹೋಯಿತು. ಮೂರರಲ್ಲಿ ಒಂದು ಫೇಸ್ ಹೋದರೆ ಸಾಕು, ಉಳಿದೆರಡರ ಮೇಲೆ ಹೊರೆ ಬಿದ್ದು ಮೋಟಾರು ಕಾಯುತ್ತದೆ. ಪದೇ ಪದೇ ಟ್ರಿಪ್ಪಾಗುವ ಕಿರಿಕಿರಿಗೆ ಬೇಸತ್ತು ಇದನ್ನು ತಡೆಯುವ ಸಿಂಗಲ್ ಫೇಸ್ ಪ್ರಿವೆಂಟರನ್ನು ಬೈಪಾಸ್ ಮಾಡಿದವರಿಗೆ ಶಾಸ್ತ್ರ ವಿಧಿಸಿದ ಪ್ರಾಯಶ್ಚಿತ್ತ: ರೀವೈಂಡಿಂಗ್.

ಪಂಪು ನಿಂತರೆ ಮ್ಯಾನ್‌ಹೋಲು ಉಕ್ಕುತ್ತದೆ. ಉಕ್ಕಿದ ಕಡೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಂತೆ ಅಪರಾಧ. 'ಇನ್ನೊಂದು ಮಳೆಗಾಲ' ಎನ್ನುವವರು ಈ ಮುಂದಿನ ಹೆಜ್ಜೆಯನ್ನು ತಮ್ಮ ವಾದದಲ್ಲಿ ಸೇರಿಸುವುದಿಲ್ಲ.

ಸಿದ್ಧಾಂತ: ಬದಲಿಸತಕ್ಕದ್ದು. ಆದರೆ ಕಚೇರಿ ಒಪ್ಪುವುದು ಮೇಲಿನ ಯಾವ ಪ್ರಮಾಣವನ್ನೂ ಅಲ್ಲ. ಸುಟ್ಟ ಮೋಟಾರು ಮಾತ್ರ ಸ್ವತಃಪ್ರಮಾಣ. ಅದು ಸಿದ್ಧಿಸಿದ ಮೇಲೆ ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರು ಎಂಬ ಮೂರು ಮೆಟ್ಟಿಲು. ಪಟ್ಟಿಯಲ್ಲಿ ಸಾಫ್ಟ್ ಸ್ಟಾರ್ಟರು ಸೇರಿದರೆ ಉತ್ತಮ. ನೇರವಾಗಿ ಚಾಲೂ ಮಾಡಿದ ಮೋಟಾರು ಹೊರಡುವ ಹೊತ್ತಿಗೆ ಆರೇಳು ಪಟ್ಟು ಕರೆಂಟು ಎಳೆಯುತ್ತದೆ.

ಆಕ್ಷೇಪ: ಹೊಸ ಪ್ಯಾನೆಲ್ಲನ್ನೂ ಅದೇ ಬಾವಿಯ ಬಾಯಿಯ ಪಕ್ಕ, ಅದೇ ಕದವಿಲ್ಲದ ಕೋಣೆಯಲ್ಲಿಟ್ಟರೆ ಅದೂ ಕಪ್ಪಾಗದೆ? ಉತ್ತರ: ಆಗುತ್ತದೆ. ಕದ ಹಾಕಿಸಿ, ಕೇಬಲ್ ತೂರುವ ಕಿಂಡಿಗಳನ್ನು ಮುಚ್ಚಿಸಿ, ಕೋಣೆಗೆ ಹೊರಗಿನ ಗಾಳಿ ಬರುವಂತೆ ಮಾಡಬೇಕು. ಆದರೆ ಕದ ಸಿವಿಲ್ ಕೆಲಸ. ಅದಕ್ಕೆ ಬೇರೆ ಶಾಖೆ, ಬೇರೆ ಅಂದಾಜುಪಟ್ಟಿ, ಬೇರೆ ಟೆಂಡರು. ಆದ್ದರಿಂದ ಅದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.