ಬಿಡಿಭಾಗೋಪಾಸಕ

ಮೌಂಟನ್ ಬೈಕ್ ಎಂಬ, ಕಲ್ಲುಗುಡ್ಡಗಳ ಸವಾರಿಗೆಂದೇ ದಪ್ಪ ಟಯರು ಹಾಕಿದ ಸೈಕಲ್ಲನ್ನು ಕಂತಿನಲ್ಲಾದರೂ ಕೊಂಡು, ಅದನ್ನು ತುಳಿಯುವುದಕ್ಕಿಂತ ಬಿಚ್ಚುವುದರಲ್ಲೇ ಹೆಚ್ಚು ಹೊತ್ತು ಕಳೆಯುವ ಗೃಹಸ್ಥನೊಬ್ಬ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಆಗಾಗ ಕಾಣಸಿಗುತ್ತಾನೆ. ವಯಸ್ಸು ನಲವತ್ತರ ಆಸುಪಾಸು, ಉದ್ಯೋಗ ಸಾಫ್ಟ್‌ವೇರು, ಮಂಡಿಯಲ್ಲಿ ಒಂದಿಷ್ಟು ನೋವು. ಕೊಂಡ ದಿನದ ಸೈಕಲ್ಲಿನ ಪೈಕಿ ಫ್ರೇಮೊಂದೇ ಅವನಲ್ಲಿ ಉಳಿದಿರುತ್ತದೆ. ಅದರ ಮೇಲೂ ಅವನಿಗೆ ಇತ್ತೀಚೆಗೆ ಅನುಮಾನ ಹುಟ್ಟಿರುತ್ತದೆ.

ಇವನ ಮೊದಲ ಆರಾಧ್ಯವಸ್ತು ಡ್ರಾಪರ್ ಪೋಸ್ಟ್. ಸೀಟನ್ನು ಹೊತ್ತ ಈ ಕೊಳವೆ ಒಂದರೊಳಗೊಂದು ಸರಿಯುವಂಥದ್ದು. ಹ್ಯಾಂಡಲ್ಲಿನ ಎಡಗಡೆಯ ಸಣ್ಣ ಲಿವರನ್ನು ಹೆಬ್ಬೆರಳಿನಿಂದ ಒತ್ತಿ ಮೈಭಾರ ಬಿಟ್ಟರೆ ಸೀಟು ಕೆಳಗಿಳಿಯುತ್ತದೆ, ಭಾರ ತೆಗೆದು ಮತ್ತೆ ಒತ್ತಿದರೆ ಒಳಗಿನ ಒತ್ತಡದ ಗಾಳಿ ಅದನ್ನು ಮೇಲಕ್ಕೆ ತರುತ್ತದೆ. ಕಡಿದಾದ ಇಳಿಜಾರಿನಲ್ಲಿ ಸೀಟು ತಗ್ಗಿದ್ದರೆ ಸವಾರನು ಮೈಯನ್ನು ಹಿಂದಕ್ಕೆ ಬಾಗಿಸಿ ಮುಗ್ಗರಿಸದೆ ಇಳಿಯಬಲ್ಲನಾದ್ದರಿಂದ ಇದು ನಿಜಕ್ಕೂ ಉಪಯುಕ್ತ ಸಾಧನ. ಆದರೆ 125 ಮಿ.ಮೀ. ಇಳಿಯುವ ಪೋಸ್ಟು ಇದ್ದವನಿಗೆ 170 ಮಿ.ಮೀ. ಇಳಿಯುವಂಥದ್ದು ಏಕೆ ಬೇಕೆಂಬುದು, ಬೇಸ್‌ಮೆಂಟಿನ ಇಳಿಜಾರಿಗಿಂತ ಕಡಿದಾದುದನ್ನು ಅವನು ಇಡೀ ಮಳೆಗಾಲದಲ್ಲಿ ಕಂಡಿಲ್ಲವಾದ್ದರಿಂದ, ಸ್ವಲ್ಪ ಚರ್ಚಾಸ್ಪದ.

ಪೋಸ್ಟು ಬದಲಿಸುವ ಕಾರ್ಯಕ್ಕೆ ಇವನು ಶನಿವಾರ ರಾತ್ರಿಯನ್ನೇ ಆರಿಸಿಕೊಳ್ಳುತ್ತಾನೆ, ಮತ್ತು ಆ ಕಾರ್ಯಕ್ಕೆ ಟಾರ್ಚು ಹಿಡಿಯುವವನೊಬ್ಬ ಅವಶ್ಯ. ಭಾನುವಾರ ಬೆಳಿಗ್ಗೆ ತುರಹಳ್ಳಿಯ ಬಂಡೆಗಳ ಕಡೆಗೆ ಜೊತೆಯಾಗಿ ಹೋಗುವುದೆಂದು ನಂಬಿದ, ಬೇಡವೆನ್ನುವ ಕಲೆ ಕೈಹತ್ತದ ನೆರೆಮನೆಯವನೊಬ್ಬ (ಪ್ರಸ್ತುತ ಬರಹದ ಕರ್ತೃವೂ ಅದೇ ಜಾತಿಗೆ ಸೇರಿದವನೆಂಬುದು ಕೇವಲ ಕಾಕತಾಳೀಯ) ಈ ಹುದ್ದೆಗೆ ತಾನಾಗಿಯೇ ನೇಮಕವಾಗುತ್ತಾನೆ. "ಹತ್ತೇ ನಿಮಿಷ ಸಾರ್, ಸ್ವಲ್ಪ ಬೆಳಕು ತೋರಿಸಿ." ಲಿವರಿನಿಂದ ಪೋಸ್ಟಿನ ಬುಡಕ್ಕೆ ಹೋಗುವ ಕೇಬಲ್ಲು ಫ್ರೇಮಿನ ಕೊಳವೆಯೊಳಗೆ ಸಾಗುವಂಥದ್ದು, ಬುದ್ಧಿವಂತರು ಹೊಸದನ್ನು ಹಳೆಯದರ ತುದಿಗೆ ಕಟ್ಟಿ ಎಳೆದುಕೊಳ್ಳುತ್ತಾರೆ. ಉಪಾಸಕನೋ ಉತ್ಸಾಹದಲ್ಲಿ ಹಳೆಯದನ್ನು ಮೊದಲೇ ಪೂರ್ತಿ ಎಳೆದುಹಾಕಿರುತ್ತಾನೆ. ಅಲ್ಲಿಂದ ಮುಂದೆ ಹೊಸ ಕೇಬಲ್ಲಿನ ತುದಿ ಪೆಡಲಿನ ಅಚ್ಚಿನ ಬಳಿ ಎಲ್ಲೋ ಸಿಕ್ಕಿಕೊಂಡು, ಬರಬೇಕಾದ ತೂತೊಂದನ್ನು ಬಿಟ್ಟು ಉಳಿದೆಲ್ಲ ತೂತುಗಳಲ್ಲೂ ಇಣುಕುತ್ತದೆ. ಮೊದಲು ಅಯಸ್ಕಾಂತ ಬರುತ್ತದೆ. ಬಳಿಕ, ಹೊಲಿಗೆಯ ದಾರವನ್ನು ಕೊಳವೆಯೊಳಗಿನಿಂದ ಹೀರಿ ಎಳೆಯುವ ಸಲುವಾಗಿ, ಮನೆಯ ವ್ಯಾಕ್ಯೂಮ್ ಕ್ಲೀನರ್ ಬರುತ್ತದೆ. ಅದರ ಹಿಂದೆಯೇ ಮನೆಯೊಡತಿಯೂ ಬಂದು, "ರೀ, ಹನ್ನೊಂದೂವರೆ ಆಯ್ತು, ಮೇಲಿನ ಮನೆ ಮಗು ಎದ್ದಿದೆ" ಎನ್ನುತ್ತಾಳೆ.

ಈ ನಡುವೆ ಅವನು ಇತಿಹಾಸ ಬೋಧಿಸುತ್ತಾನೆ. ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ 1976ರಲ್ಲಿ ಆರಂಭವಾದ ಇಳಿಜಾರಿನ ಪಂದ್ಯಕ್ಕೆ ರೀಪ್ಯಾಕ್ ಎಂಬ ಹೆಸರು ಬಂದದ್ದು, ಪೆಡಲನ್ನು ಹಿಂದಕ್ಕೆ ಒತ್ತಿ ಹಿಡಿಯುವ ಹಳೆಯ ಬ್ರೇಕು ಇಳಿಯುವಷ್ಟರಲ್ಲಿ ಕಾದು, ಗ್ರೀಸೆಲ್ಲ ಹೊಗೆಯಾಗಿ ಹೋಗಿ, ಪ್ರತಿಬಾರಿಯೂ ಚಕ್ರದ ಹಬ್ಬಿಗೆ ಹೊಸದಾಗಿ ಗ್ರೀಸ್ ತುಂಬಬೇಕಾಗುತ್ತಿದ್ದುದರಿಂದ. ಆ ಪಂದ್ಯಗಳಲ್ಲಿ ಇಳಿದ ಜೋ ಬ್ರೀಜ್ ಎಂಬಾತನೇ ಮುಂದೆ 1980ರ ದಶಕದಲ್ಲಿ ಸಂಗಾತಿಯೊಬ್ಬನೊಡನೆ ಸೇರಿ, ಸವಾರಿ ನಿಲ್ಲಿಸದೆ ಸೀಟನ್ನು ಏರಿಳಿಸುವ ಹೈಟ್-ರೈಟ್ ಎಂಬ ಸ್ಪ್ರಿಂಗನ್ನು ರೂಪಿಸಿದ. ಇದೆಲ್ಲ ಸತ್ಯವೇ; ಕೇಳುವವನ ಕೈ ಮಾತ್ರ ಜೋಮು ಹಿಡಿದಿರುತ್ತದೆ. ಆ ಮಹನೀಯರು ಗ್ರೀಸ್ ತುಂಬುತ್ತಿದ್ದುದು ಇಳಿದ ಮೇಲೆ ಎಂಬ ಅಂಶವನ್ನು ಆ ಹೊತ್ತಿನಲ್ಲಿ ನೆನಪಿಸುವುದು ಸೌಜನ್ಯವಲ್ಲ.

ಬ್ರೇಕಿನ ಪ್ರಕರಣವನ್ನು ಚುಟುಕಾಗಿ ಹೇಳಬಹುದು. ಎಣ್ಣೆಯ ಒತ್ತಡದಿಂದ ಪ್ಯಾಡುಗಳು ಲೋಹದ ಬಿಲ್ಲೆಯನ್ನು ಅಮುಕಿ ಹಿಡಿಯುವ ಡಿಸ್ಕ್ ಬ್ರೇಕು ಅಮೆರಿಕದ ರೂಢಿಯಂತೆ ಬಂದರೆ ಮುಂದಿನ ಚಕ್ರದ್ದು ಎಡಗೈಗೆ ಇರುತ್ತದೆ. ಮೋಟಾರ್‌ಸೈಕಲ್ಲಿನ ಅಭ್ಯಾಸವಿರುವ ನಮ್ಮವರಿಗೆ ಅದು ಬಲಗೈಗೇ ಬೇಕು. ಅದನ್ನು ಅದಲುಬದಲು ಮಾಡಲು ಹೋಸ್ ಬಿಚ್ಚಿದರೆ ಒಳಗೆ ಗಾಳಿ ಸೇರುತ್ತದೆ, ಗಾಳಿ ಸೇರಿದರೆ ಲಿವರು ಮೆತ್ತಗಾಗುತ್ತದೆ, ಆ ಗಾಳಿಯನ್ನು ಹೊರಗೆಳೆಯಲು ಸಿರಿಂಜು ಬೇಕು. ಶಿಮಾನೋ ಕಂಪನಿಯ ಬ್ರೇಕುಗಳಿಗೆ ಮಿನರಲ್ ಆಯಿಲ್, ಡಾಟ್ ದ್ರವ ಬೇಡುವ ಬ್ರೇಕುಗಳಿಗೆ ಅದೇ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ. ಎಣ್ಣೆಯ ಒಂದೇ ತೊಟ್ಟು ಪ್ಯಾಡಿನ ಮೇಲೆ ಬಿದ್ದರೂ ಬ್ರೇಕು ಹಿಡಿಯದೆ ಬರೀ ಕಿರುಚುತ್ತದೆ, ಹೊಸ ಪ್ಯಾಡು ತರಿಸಲು ಮತ್ತೊಂದು ಕಾರಣ ಸಿಗುತ್ತದೆ. ಹೊಸ ಪ್ಯಾಡು ಬಿಲ್ಲೆಗೆ ಹದವಾಗಿ ಕೂರಲು ಸ್ವಲ್ಪ ವೇಗದಲ್ಲಿ ಹೋಗಿ ಬ್ರೇಕು ಹಿಡಿಯುವ ಕ್ರಿಯೆಯನ್ನು ಹಲವು ಬಾರಿ ಮಾಡಬೇಕು. ಕಂಬಗಳ ನಡುವೆ ನಡೆಯುವ ಈ ಓಡಾಟವೇ ಉಪಾಸಕನ ಆ ತಿಂಗಳ ಒಟ್ಟು ಸವಾರಿ.

ಹಾಗೆಂದು ಇವನನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ದಿನವಿಡೀ ಪರದೆಯ ಮೇಲೆ, ಕೈಗೆ ಸಿಗದ, ಮುಗಿಯಿತೆಂದು ಯಾರೂ ಒಪ್ಪದ ಕೆಲಸ ಮಾಡಿ ಬರುವವನಿಗೆ, ಬಿಗಿತವನ್ನು ಅಳೆಯುವ ಟಾರ್ಕ್ ರೆಂಚು ಹೇಳಿದಷ್ಟು ತಿರುಗಿ ಟಕ್ಕೆಂದಾಗ ಒಂದು ಕೆಲಸವಾದರೂ ನಿಜವಾಗಿ ಮುಗಿದಿರುತ್ತದೆ. ಅಪಾರ್ಟ್‌ಮೆಂಟಿನ ಮಕ್ಕಳ ಸೈಕಲ್ಲುಗಳೆಲ್ಲ ಇವನ ಮುಂದೆ ಸಾಲು ನಿಲ್ಲುತ್ತವೆ. ಕಾವಲುಗಾರನ ಹಳೆಯ ಸೈಕಲ್ಲಿನ ಕಂಬಿ ಬ್ರೇಕನ್ನು ಯಾವ ಭಾಷಣವೂ ಇಲ್ಲದೆ, ಹೊಸದೇನನ್ನೂ ತರಿಸದೆ, ಒಂದು ಸ್ಪ್ಯಾನರಿನಲ್ಲಿ ಸರಿಮಾಡಿ ಕೊಡುತ್ತಾನೆ. ದಿನವೂ ಕೆಲಸಕ್ಕೆ ಓಡುವ ಸೈಕಲ್ಲು ಇಡೀ ಬೇಸ್‌ಮೆಂಟಿನಲ್ಲಿ ಅದೊಂದೇ ಎಂಬುದು ಅವನಿಗೂ ಗೊತ್ತು.

ಓದುಗರ ಸೈಕಲ್ಲಿನ ಬ್ರೇಕು ಕಿರುಚುತ್ತಿದ್ದರೆ ಧಾರಾಳವಾಗಿ ಇವನ ಕೈಗೆ ಒಪ್ಪಿಸಬಹುದು. ದುಡ್ಡು ಕೇಳುವುದಿಲ್ಲ, ಕೆಲಸವೂ ಅಚ್ಚುಕಟ್ಟು. ಸವಾರಿ ಭಾನುವಾರವಿದ್ದರೆ ಹಿಂದಿನ ಸೋಮವಾರವೇ ಕೊಡುವುದು ಕ್ಷೇಮ, ಮತ್ತು ಹೋಗುವಾಗ ಟಾರ್ಚನ್ನು ಮನೆಯಲ್ಲೇ ಬಿಟ್ಟು ಹೋಗಬೇಕು.