ದುಡಿದು ದುಡಿದು ಅಲ್ಲೇ ಉಳಿಯುವ ವಿಧಾನ

ಮೊದಲು ದೊಡ್ಡಪ್ಪನ ಮಾತು ಕೇಳಿ. ಕೆಇಬಿಯಲ್ಲಿ ಲೈನ್‌ಮನ್ ಆಗಿ ಸೇರಿ, ತೆಕ್ಕಲಕೋಟೆಯಲ್ಲಿ ಆರ್‌ಸಿಸಿ ಮನೆ ಕಟ್ಟಿಸಿ, ಇಬ್ಬರು ಹೆಣ್ಣುಮಕ್ಕಳ ಮದುವೆ ಮುಗಿಸಿ, ಈಗ ಕಟ್ಟೆ ಮೇಲೆ ಕೂತು "ಬೆವರು ಸುರಿಸಿದ್ರ ಮೇಲಕ್ಕ ಬರ್ತೀಯಪ್ಪಾ" ಅನ್ನುತ್ತಾರೆ. ತಲೆಯಾಡಿಸಿ. ಅವರ ಬೆವರಿನ ಬಗ್ಗೆ ಎಷ್ಟು ಬೇಕಾದರೂ ಕೇಳಿ, ಪಿಂಚಣಿ ಬಗ್ಗೆ ಬೇಡ. 2006ರ ಏಪ್ರಿಲ್ 1ರಿಂದ ಸರ್ಕಾರಿ ನೌಕರಿಗೆ ಸೇರಿದವರಿಗೇ ಆ ಹಳೇ ಪಿಂಚಣಿ ಇಲ್ಲ ಎಂದು ಹೇಳಿ ಹಿರಿಯರ ಮಧ್ಯಾಹ್ನದ ನಿದ್ದೆ ಕೆಡಿಸಬೇಡಿ.

ಆಮೇಲೆ 371(ಜೆ) ಪ್ರಮಾಣಪತ್ರ ಮಾಡಿಸಿ. ಸಂವಿಧಾನವನ್ನೇ ತಿದ್ದಿ ನಮ್ಮ ಕಲ್ಯಾಣ ಕರ್ನಾಟಕಕ್ಕೆ ಕೊಟ್ಟ ಮೀಸಲಾತಿ ಅದು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನಲ್ಲಿಡಿ. ನೇಮಕಾತಿ ಕರೆದ ದಿನ ಹೊರಗೆ ತೆಗೆಯಿರಿ. ಅಲ್ಲಿಯ ತನಕ ವಯಸ್ಸನ್ನು ಹಿಡಿದಿಟ್ಟುಕೊಳ್ಳಿ. ಅದು ಕೈಲಾಗದಿದ್ದರೆ ಸದ್ಯಕ್ಕೆ ಅಂತ ಒಂದು ಕಂಟ್ರಾಕ್ಟ್ ಕೆಲಸ ಸೇರಿ. ಈ 'ಸದ್ಯಕ್ಕೆ'ಯನ್ನು ಜೋಪಾನ ಮಾಡಿ, ಹದಿನೈದು ವರ್ಷ ಬಾಳಿಕೆ ಬರುತ್ತದೆ.

ಕೆಲಸಕ್ಕೇನೂ ಬರವಿಲ್ಲ. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಮೂಟೆ ಹೊರಿ. ಬಳ್ಳಾರಿಯಲ್ಲಿ ಪೀಸಿಗಿಷ್ಟು ಅಂತ ಜೀನ್ಸ್ ಹೊಲಿಯಿರಿ. ಕೈ ಚುರುಕಾದಷ್ಟೂ ಕಣ್ಣು ಮಂಜಾಗುತ್ತದೆ, ಎರಡೂ ಸರಿಹೋಗುತ್ತವೆ. ಇಲ್ಲವೇ ತೋರಣಗಲ್ಲಿನ ಕಡೆ ಹೆಲ್ಮೆಟ್ ಹಾಕಿ ಉಕ್ಕಿನ ಧೂಳು ಸೇವಿಸಿ. ಗಣಿ ಟಿಪ್ಪರ್ ಸಾಲ ತೆಗೆದು ಒಮ್ಮೆಲೇ ಮಾಲೀಕನಾಗುವ ಆಸೆ ಬೇಡ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು, ಕಂತನ್ನು ನಿಲ್ಲಿಸಲಿಲ್ಲ.

ಈಗ ಲೆಕ್ಕ. ಪಗಾರ 14,000 ಅಂತಿಟ್ಟುಕೊಳ್ಳಿ. ಬೇಸಿಕ್ 7,000, ಅದರ ಶೇ. 12 ಪಿಎಫ್, ಅಂದರೆ 840. ಇಎಸ್‌ಐಗೆ ಶೇ. 0.75ರಂತೆ 105. ಕೈಗೆ 13,055. ಇಬ್ಬರ ಜೊತೆ ಹಂಚಿಕೊಂಡ ರೂಮಿಗೆ 3,000, ಮೆಸ್ಸಿಗೆ 3,500, ಡ್ಯೂಟಿಗೆ ಹೋಗಲು ಕೊಂಡ ಬೈಕಿನ ಕಂತು 2,800, ಪೆಟ್ರೋಲು-ರೀಚಾರ್ಜಿಗೆ 1,500, ಅವ್ವನಿಗೆ 2,000. ಉಳಿದದ್ದು 255. ಇದನ್ನು ಮುಟ್ಟಬೇಡಿ, ಇದೇ ನಿಮ್ಮ ಆರ್ಥಿಕ ಭದ್ರತೆ. ಜ್ವರ ಬಾರದಂತೆ, ಚಪ್ಪಲಿ ಹರಿಯದಂತೆ, ಗೆಳೆಯರು ಯಾರೂ ಮದುವೆಯಾಗದಂತೆ ನೋಡಿಕೊಂಡು 30 ವರ್ಷ ಕೂಡಿಟ್ಟರೆ 91,800 ಆಗುತ್ತದೆ. ಮನೆ ಯಾವ ಓಣಿಯಲ್ಲಿ ಕಟ್ಟಬೇಕೆಂದು ಈಗಲೇ ಯೋಚಿಸಿ.

ಗ್ರಾಚ್ಯುಟಿ ಬಗ್ಗೆ ಎಚ್ಚರ. 1972ರ ಕಾಯ್ದೆ ಕೇಳಿದ್ದು ಸತತ 5 ವರ್ಷದ ಸೇವೆ. ಆದ್ದರಿಂದ ನಾಲ್ಕೂವರೆ ವರ್ಷಕ್ಕೆ ಕಂಟ್ರಾಕ್ಟರು ಸಂಸ್ಥೆಯ ಹೆಸರನ್ನು ತಮ್ಮಿಂದ ಹೆಂಡತಿಗೆ ಬದಲಿಸಿದಾಗ ಗಾಬರಿಯಾಗದೆ ಹೊಸ ಅರ್ಜಿಗೆ ಸಹಿ ಹಾಕಿ. ಗೇಟು ಅದೇ, ಮಷೀನು ಅದೇ, ಐಡಿ ಕಾರ್ಡಿನಲ್ಲಿ ಫೋಟೊನೂ ಅದೇ. ದಾರದ ಬಣ್ಣ ಮಾತ್ರ ಬೇರೆ. ನೀವು ಮತ್ತೆ ಫ್ರೆಷರ್. ಈ ವಯಸ್ಸಿನಲ್ಲಿ ಯಾರಿಗುಂಟು ಆ ಭಾಗ್ಯ?

ಪಿಎಫ್ ಕೂಡ ಕೂಡಿಡಬೇಡಿ. ತಂಗಿಯ ಸೀಮಂತ, ಬೋರು, ಅಪ್ಪನ ಕೈಗಡ, ಏನಾದರೊಂದು ಬಂದೇ ಬರುತ್ತದೆ, ಪೂರ್ತಿ ಬಿಡಿಸಿಕೊಳ್ಳಿ. ತಪ್ಪಿ 10 ವರ್ಷದ ಸೇವೆ ತುಂಬಿಬಿಟ್ಟರೆ 58ಕ್ಕೆ ಪಿಂಚಣಿ ಅಂಟಿಕೊಳ್ಳುತ್ತದೆ. 2014ರಲ್ಲಿ ಅದರ ಕನಿಷ್ಠ ಮೊತ್ತವನ್ನು ತಿಂಗಳಿಗೆ 1,000 ರೂಪಾಯಿಗೆ ಏರಿಸಿದ್ದಾರೆ. ಅಷ್ಟು ಹಣ ಇಟ್ಟುಕೊಂಡು ಮುದಿಗಾಲದಲ್ಲಿ ಏನು ಮಾಡುತ್ತೀರಿ?

ರಜೆ ಸಿಕ್ಕರೆ ತೆಕ್ಕಲಕೋಟೆಯ ಗುಡ್ಡ ಹತ್ತಿ ಗಾಳಿ ಕುಡಿಯಿರಿ. 1963-64ರಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಇಲ್ಲೇ ಅಗೆಸಿದಾಗ ನವಶಿಲಾಯುಗದ ಜನರ ಕಲ್ಲಿನ ಕೊಡಲಿಗಳು, ದುಂಡನೆಯ ಗುಡಿಸಲುಗಳ ಗುರುತು ಸಿಕ್ಕವು. ಬೆಟ್ಟದ ಮೇಲೆ, ಬಾಡಿಗೆಯಿಲ್ಲದೆ, ಕಲ್ಲು ಕುಟ್ಟಿಕೊಂಡು ಸ್ವಂತ ಮನೆ! ಇಂಥವನ್ನು ಬಹಳ ಹೊತ್ತು ನೋಡಬೇಡಿ, ಸೋಮವಾರದ ಫಸ್ಟ್ ಶಿಫ್ಟಿಗೆ ಒಳ್ಳೆಯದಲ್ಲ. ಇಳಿದು ಬನ್ನಿ.

ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಡಿಗ್ರಿ ಮುಗಿಸಿದ ಹುಡುಗನೊಬ್ಬ ಖಂಡಿತ ಕೂತಿರುತ್ತಾನೆ. "ಅಣ್ಣಾ, ನಿಮ್ಮ ಕಡೆ ಏನಾರ ಕೆಲ್ಸ ಐತೇನು?" ಅನ್ನುತ್ತಾನೆ. ಅವನ ಹೆಗಲ ಮೇಲೆ ಕೈ ಹಾಕಿ, ದೊಡ್ಡಪ್ಪನ ದನಿಯಲ್ಲೇ ಬೆವರಿನ ಮಾತು ಹೇಳಿ. ಹೇಳುತ್ತಲೇ ಕಂಟ್ರಾಕ್ಟರಿಗೆ ಫೋನ್ ಹಚ್ಚಿ. ಹೊಸ ಹುಡುಗನನ್ನು ತಂದರೆ ತಲೆಗೆ ಐನೂರು. ನಗದು. ಪಿಎಫ್ ಕಡಿತ ಇರುವುದಿಲ್ಲ.